ಹಣ ಕೊಟ್ಟು ಕೊಳ್ಳುವ ಡಾಕ್ಟರೇಟ್ ಯಾರಿಗೆ ಬೇಕು?

ಲಿಂಗರಾಜಪುರದ ಮನೆಯೊಂದರಲ್ಲಿ ಇತ್ತೀಚೆಗೆ ಕುಳಿತಿದ್ದೆವು. ಎಂ.ಎಸ್ಸಿ. ಮುಗಿಸಿದ ಮಗಳಿಗೆ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್.ಡಿ. ಮಾಡುವ ಹಂಬಲ. ತಂದೆ ಸಣ್ಣ ಅಂಗಡಿಯ ಮಾಲಕರು. ಖಾಸಗಿ ವಿಶ್ವವಿದ್ಯಾಲಯವೊಂದರ ಮಾಹಿತಿ ಪುಸ್ತಿಕೆಯನ್ನು ಮುಂದಿಟ್ಟುಕೊಂಡು ನೋಂದಣಿ ಶುಲ್ಕ, ವಾರ್ಷಿಕ ಶುಲ್ಕ, ಪ್ರಬಂಧ ಸಲ್ಲಿಕೆಯ ಶುಲ್ಕಗಳನ್ನೆಲ್ಲ ಕೂಡಿಸಿದ ಅವರು, "ಮೌಲ್ವಿ ಸಾಹೇಬರೇ, ಇದಕ್ಕಿಂತ ಅಗ್ಗದ್ದು ಎಲ್ಲಾದರೂ ಇದ್ದರೆ ಹೇಳಿ. ಇಲ್ಲದಿದ್ದರೆ ಇವಳ ಅಮ್ಮನ ಒಡವೆ ಇದೆ, ಅಡವಿಡುತ್ತೇನೆ" ಎಂದರು.

ಆ ತಂದೆಯ ತ್ಯಾಗದ ಬಗ್ಗೆ ನಮಗೆ ಗೌರವವಿದೆ. ಆದರೆ ಅವರು ಕೇಳಿದ ಪ್ರಶ್ನೆಯೇ ತಪ್ಪು. ವಿಜ್ಞಾನದ ಸಂಶೋಧನೆಯಲ್ಲಿ ವಿದ್ಯಾರ್ಥಿಯು ಗಿರಾಕಿಯಲ್ಲ, ದುಡಿಯುವವನು. ಪ್ರಯೋಗಾಲಯದ ಕೆಲಸವನ್ನು ನಡೆಸುವುದೇ ಆತ. ಆದ್ದರಿಂದಲೇ ಸರಕಾರ ಆತನಿಗೆ ಫೆಲೋಶಿಪ್ ನೀಡುತ್ತದೆ. 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ನಂತರ ಹಿರಿಯ ಫೆಲೋಶಿಪ್ 42,000 ರೂಪಾಯಿ. ಐದು ವರ್ಷಗಳಿಗೆ ಲೆಕ್ಕ ಹಾಕಿದರೆ ಮನೆ ಬಾಡಿಗೆ ಭತ್ತೆ ಬಿಟ್ಟು 24 ಲಕ್ಷ ರೂಪಾಯಿ! ಇಷ್ಟು ಹಣ ಮನೆಗೆ ಬರಬೇಕಾದಲ್ಲಿ ನಾವು ಮನೆಯ ಬಂಗಾರವನ್ನು ಹೊರಗೆ ಸಾಗಿಸಲು ಸಿದ್ಧರಾಗುತ್ತೇವೆ.

ಇಂತಹ ಅವಕಾಶ ಎಲ್ಲೋ ದೂರದಲ್ಲಿರುವುದಲ್ಲ. ಲಿಂಗರಾಜಪುರದಿಂದ ಹೆಣ್ಣೂರು ಕ್ರಾಸ್, ನಾಗವಾರ ದಾಟಿ ಹೆಬ್ಬಾಳಕ್ಕೆ ಹೋದರೆ ಅಲ್ಲಿಂದಾಚೆ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಿದೆ. ಎನ್‌ಸಿಬಿಎಸ್ ಎಂದೇ ಅದು ಪ್ರಸಿದ್ಧ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಮಲ್ಲೇಶ್ವರದ ಆಚೆಗೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಈ ಮೂರರಲ್ಲೂ ನಿಯಮಿತ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಮಾಸಿಕ ಫೆಲೋಶಿಪ್ ಇದೆ. ಶುಲ್ಕವಿದ್ದರೂ ಅದು ಅದರ ಸಣ್ಣ ಪಾಲು ಮಾತ್ರ. ದೇಶದ ಮೂಲೆ ಮೂಲೆಗಳಿಂದ ಮಕ್ಕಳು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಟ್ಯಾನರಿ ರಸ್ತೆಯ, ಕಮ್ಮನಹಳ್ಳಿಯ ನಮ್ಮ ಮಕ್ಕಳಿಗೆ ಈ ಸಂಸ್ಥೆಗಳ ಹೆಸರೇ ಗೊತ್ತಿರುವುದಿಲ್ಲ.

"ಅದು ನಮ್ಮವರಿಗೆಲ್ಲ ಸಿಗುವಂಥದ್ದಲ್ಲ" ಎಂಬ ಮಾತೂ ಆ ಮನೆಯಲ್ಲಿ ಕೇಳಿಬಂತು. ಹಾಗಾದರೆ ಆ ಎನ್‌ಸಿಬಿಎಸ್ ಅನ್ನು ಕಟ್ಟಿದವರಾರು? ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಡಾಕ್ಟರೇಟ್ ಪಡೆದ ಉಬೈದ್ ಸಿದ್ದೀಕಿ. ಹೋಮಿ ಭಾಭಾರ ಆಹ್ವಾನದ ಮೇರೆಗೆ 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ವಿಭಾಗವನ್ನು ಆರಂಭಿಸಿದವರು ಅವರೇ. ಆಗ ಅವರ ವಯಸ್ಸು ಮೂವತ್ತು. ಮೂರು ದಶಕಗಳ ನಂತರ ಬೆಂಗಳೂರಿನಲ್ಲಿ ಎನ್‌ಸಿಬಿಎಸ್‌ನ ಸ್ಥಾಪಕ ನಿರ್ದೇಶಕರಾದರು. 2006ರಲ್ಲಿ ಪದ್ಮವಿಭೂಷಣ ಪಡೆದರು. 2013ರ ಜುಲೈಯಲ್ಲಿ ಇದೇ ನಗರದಲ್ಲಿ ರಸ್ತೆ ಅಪಘಾತಕ್ಕೊಳಗಾಗಿ ತೀರಿಕೊಂಡರು. ಚುನಾವಣೆಯಲ್ಲಿ ಸೋತ ಪುಢಾರಿಗಳಿಗೂ ಸನ್ಮಾನ ಏರ್ಪಡಿಸುವ ನಮ್ಮ ಮೊಹಲ್ಲಾಗಳು ಈ ಹೆಸರನ್ನು ಮಕ್ಕಳಿಗೆ ಹೇಳಿಕೊಟ್ಟಿವೆಯೇ?

ಇನ್ನು ಅಗ್ಗದ ವಿಚಾರ. ಶುಲ್ಕ ಕಡಿಮೆಯಿದ್ದ ಮಾತ್ರಕ್ಕೆ ಈ ವಿಷಯದಲ್ಲಿ ಖರ್ಚು ಕಡಿಮೆಯಾಗುವುದಿಲ್ಲ. ಇತಿಹಾಸದ ಸಂಶೋಧಕನಿಗೆ ಗ್ರಂಥಾಲಯ ಸಾಕು. ಕಲಾ ವಿಭಾಗದಲ್ಲಿ ಓದಿದ ನಮಗೆ ಅದು ಗೊತ್ತು. ಆದರೆ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಾಡಬೇಕು. ಪಿಸಿಆರ್ ಯಂತ್ರಕ್ಕೆ ಬೇಕಾದ ಪ್ರೈಮರ್‌ಗಳನ್ನು ಪ್ರತಿ ಪ್ರಯೋಗಕ್ಕೆ ತಕ್ಕಂತೆ ತರಿಸಬೇಕು. ಸೀಕ್ವೆನ್ಸಿಂಗ್‌ಗೆ ಹಣ ತೆರಬೇಕು. ಮಾರ್ಗದರ್ಶಕರ ಬಳಿ ಯಾವುದೇ ಯೋಜನೆಯ ಅನುದಾನವಿಲ್ಲದಿದ್ದರೆ ಇವೆಲ್ಲ ವಿದ್ಯಾರ್ಥಿಯ ಕಿಸೆಯಿಂದಲೇ ಹೋಗಬೇಕು, ಇಲ್ಲವೇ ಪ್ರಯೋಗ ನಿಲ್ಲಬೇಕು. ಆದ್ದರಿಂದ ಹೆತ್ತವರು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಫೆಲೋಶಿಪ್ ಎಷ್ಟು ವರ್ಷ? ಪ್ರಯೋಗಾಲಯಕ್ಕೆ ಯಾವ ಇಲಾಖೆಯ ಅನುದಾನ ಇದೆ, ಅದು ಯಾವಾಗ ಮುಗಿಯುತ್ತದೆ? ಅದೇ ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಕಟ್ಟಡದ ಬಣ್ಣ ನೋಡಿ ಮರುಳಾಗುವವರು ಈ ಮೂರನ್ನು ಕೇಳುವುದೇ ಇಲ್ಲ.

ಇನ್ನೊಂದು ಎಚ್ಚರ ಅಗತ್ಯ. 2024ರಿಂದ ನೆಟ್ ಪರೀಕ್ಷೆಯ ಫಲಿತಾಂಶದಲ್ಲಿ ಕೇವಲ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರೆಂಬ ವರ್ಗವೂ ಸೇರಿದೆ. ಅದು ಬಾಗಿಲು ತೆರೆಯುತ್ತದೆಯೇ ಹೊರತು ಹಣ ಕೊಡುವುದಿಲ್ಲ. ಹಣ ಕೊಡುವುದು ಜೆಆರ್‌ಎಫ್ ಮಾತ್ರ. ಸಿಎಸ್‌ಐಆರ್‌ನ ಜೀವವಿಜ್ಞಾನ ಪರೀಕ್ಷೆಯಲ್ಲದೆ ಜೈವಿಕ ತಂತ್ರಜ್ಞಾನ ಇಲಾಖೆಯ, ಐಸಿಎಂಆರ್‌ನ ಪರೀಕ್ಷೆಗಳಿಂದಲೂ ಅದು ಸಿಗುತ್ತದೆ.

ಹಾಗೆಂದು ಸರಕಾರವನ್ನು ನಾವು ಸುಮ್ಮನೆ ಬಿಡುವಂತಿಲ್ಲ. ಪ್ರತಿಷ್ಠಿತ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ ಐವತ್ತರಲ್ಲಿ ಒಬ್ಬ ಮಾತ್ರ ಮುಸ್ಲಿಮನೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತ್ತು. ಅದರ ಬಳಿಕ 2009ರಲ್ಲಿ ಬಂದ ಮೌಲಾನಾ ಆಝಾದ್ ಫೆಲೋಶಿಪ್ ಅಲ್ಪಸಂಖ್ಯಾತ ಸಂಶೋಧಕರ ಪಾಲಿಗೆ ಆಸರೆಯಾಗಿತ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರವು ಅದನ್ನು ಹೊಸಬರಿಗೆ ನಿಲ್ಲಿಸಿರುವುದಾಗಿ ಲೋಕಸಭೆಯಲ್ಲಿ ಪ್ರಕಟಿಸಿತು. ಬೇರೆ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಯಾವ ಪುನರಾವರ್ತನೆ? ಕರ್ನಾಟಕದ ಶೇಖ್, ಸಯ್ಯದ್, ಪಠಾಣರು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ರಾಜ್ಯದ 2ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಹಿಂದುಳಿದ ವರ್ಗಗಳ ಫೆಲೋಶಿಪ್‌ಗೆ ಅವರ ಮಕ್ಕಳು ಅರ್ಜಿಯನ್ನೇ ಹಾಕುವಂತಿಲ್ಲದಿರುವಾಗ ಈ ಮಾತಿಗೆ ಅರ್ಥವೇನು?

ಆದರೆ ಆ ಬಾಗಿಲು ಮುಚ್ಚಿತೆಂದು ಸಭೆ ನಡೆಸಿ ಖಂಡನಾ ನಿರ್ಣಯ ಓದಿದ ನಮ್ಮ ಧುರೀಣರು ಆಮೇಲೇನು ಮಾಡಿದರು? ಪ್ರತಿ ಜೂನ್‌ನಲ್ಲಿ ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವುದು ಮುಂದುವರಿದಿದೆ. ನಿಜವಾದ ಕಂದಕ ಇರುವುದು ಬೇರೆ ಕಡೆ. ಪಿಎಚ್.ಡಿ.ಗೆ ಸರಕಾರ ಹಣ ಕೊಡುತ್ತದೆ, ಶಾಲೆಗೆ ಊರಿನ ದಾನಿಗಳು ಕೊಡುತ್ತಾರೆ, ನಡುವೆ ಎಂ.ಎಸ್ಸಿ.ಯ ಎರಡು ವರ್ಷ ಮತ್ತು ಪರೀಕ್ಷೆಗೆ ಸಿದ್ಧವಾಗುವ ಒಂದು ವರ್ಷಕ್ಕೆ ಕೊಡುವವರಿಲ್ಲ. ಪ್ರತಿಭಾವಂತ ಹುಡುಗ ಅಲ್ಲಿಯೇ ಕಳಚಿಕೊಂಡು ಕಾಲ್‌ಸೆಂಟರ್ ಸೇರುತ್ತಾನೆ. ಜಮಾಅತ್‌ನ ನಿಧಿಯಿಂದ ವರ್ಷಕ್ಕೆ ಇಬ್ಬರನ್ನು ಈ ಮೂರು ವರ್ಷ ದಾಟಿಸಿದರೂ ಸಾಕು. ಬಿ.ಎಸ್ಸಿ. ಓದುತ್ತಿರುವವರಿಗೆ ಇನ್ನೂ ಹತ್ತಿರದ ದಾರಿಯಿದೆ: ಮೇಲೆ ಹೇಳಿದ ಮೂರೂ ಸಂಸ್ಥೆಗಳ ಇಂಟಿಗ್ರೇಟೆಡ್ ಪಿಎಚ್.ಡಿ.ಯಲ್ಲಿ ಎಂ.ಎಸ್ಸಿ. ಹಂತದಲ್ಲೇ ಮಾಸಿಕ ನೆರವು ಸಿಗುತ್ತದೆ.

ಅಮೆರಿಕದ ಕನಸು ಕಾಣುವವರಿಗೆ ಒಂದು ಮಾತು. ಅಲ್ಲಿಯೂ ಜೀವವಿಜ್ಞಾನದ ಪಿಎಚ್.ಡಿ.ಗೆ ಸಾಮಾನ್ಯವಾಗಿ ಬೋಧನಾ ಶುಲ್ಕದ ಮನ್ನಾ ಮತ್ತು ಮಾಸಿಕ ವೇತನ ಇರುತ್ತದೆ. ಆದರೆ 2025ರಲ್ಲಿ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದಾಗ ಕೆಲವು ವಿಶ್ವವಿದ್ಯಾಲಯಗಳು ಪ್ರವೇಶವನ್ನೇ ಕಡಿತಗೊಳಿಸಿದವು. ಅದೊಂದನ್ನೇ ನಂಬಿ ಕೂರುವುದು ಬೇಡ.

ಹೊರಡುವಾಗ ಆ ತಾಯಿ ಬಾಗಿಲ ಮರೆಯಿಂದ ಕೇಳಿದರು: "ಐದು ವರ್ಷ ಎಂದರೆ ಮದುವೆಯ ಗತಿಯೇನು?" ಯುಜಿಸಿಯ 2022ರ ನಿಯಮದಂತೆ ಸಂಶೋಧನಾ ವಿದ್ಯಾರ್ಥಿನಿಗೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ, ಪ್ರಬಂಧ ಮುಗಿಸಲು ಹೆಚ್ಚುವರಿ ಕಾಲಾವಕಾಶವೂ ಇದೆ ಎಂದೆವು. ಪ್ರಯೋಗಾಲಯದ ಕೆಲಸ ಕೆಲವೊಮ್ಮೆ ರಾತ್ರಿಯವರೆಗೂ ನಡೆಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳನ್ನು ಕರೆದು, ಜೆಆರ್‌ಎಫ್ ಪರೀಕ್ಷೆಗೆ ಅರ್ಜಿ ಹಾಕಲು ಎಷ್ಟು ರೂಪಾಯಿ ಬೇಕೆಂದು ಕೇಳಿದರು.