ಭಂಗಾರದ ಗಾಡಿ ತಗೋರಿ, ಬಂಗಾರದಂಥ ಗಾಡಿ ಬ್ಯಾಡ

(1/7)
ಮೊದಲೇ ಹೇಳಿಬಿಡ್ತೀನಿ, ಆಮ್ಯಾಲ ಬೈಯೋರು ಬೈರಿ. ಫಳಫಳ ಹೊಳೆಯೋ, "ಶೋರೂಂ ಕಂಡೀಷನ್" ಅಂತ ಹೇಳಿ ಮಾರೋ ಹಳೇ ಗಾಡಿಗೆ ರೊಕ್ಕ ಸುರೀಬ್ಯಾಡ್ರಿ. ಪೇಂಟ್ ಹೋಗಿರಲಿ, ಸೀಟು ಹರಿದಿರಲಿ, ಒಂದು ಇಂಡಿಕೇಟರ್ ಇಲ್ಲದಿರಲಿ. ಕಾಗದಪತ್ರ ಸಾಫ್ ಇದ್ದು, ಹುಟ್ಟಿದಾಗಿನ ಎಂಜಿನ್ನೇ ಇನ್ನೂ ಇದ್ರ ಆ ಗಾಡಿ ತಗೋರಿ.

ರೀಲ್ಸ್‌ನಾಗ ನೋಡಿರ್ತೀರಿ. ಯಾವುದೋ ದೇಶದಾಗ ಶೆಡ್ಡಿನಿಂದ ಹಳೇ ಪೋರ್ಷೆ ಎಳೀತಾರ, ಅರವತ್ತು ಸೆಕೆಂಡಿನಾಗ ಹೊಸಾದು ಮಾಡಿ ನಿಲ್ಲಿಸ್ತಾರ. ನಾವು ಹೊನವಾಡದಾಗ ಕುಂತು ಲೈಕ್ ಒತ್ತತೀವಿ. ಆ ಕಾರು ನಮ್ಮ ಓಣ್ಯಾಗ ಬರೋದಿಲ್ಲ, ಬಿಡ್ರಿ. ನಮ್ಮ ಸ್ಪೋರ್ಟ್ಸ್ ಕಾರು ಬ್ಯಾರೇನೇ ಐತಿ. ದನದ ಕೊಟ್ಟಿಗ್ಯಾಗ, ಮೇವಿನ ಮಗ್ಗಲಕ, ಗೋಣಿಚೀಲ ಹೊದ್ಕೊಂಡು ನಿಂತಿರೋ ಯಜ್ಡಿ. ಇಲ್ಲಾ ಆರ್‌ಎಕ್ಸ್ 100.

ಗುಜರಿಗೆ ನಮ್ಮ ಕಡೆ ಭಂಗಾರ ಅಂತೀವಿ. ಭಂಗಾರಕ್ಕೂ ಬಂಗಾರಕ್ಕೂ ಬರೆಯುವಾಗ ಒಂದು ಸಣ್ಣ ಗೀಟಿನ ಫರಕು. ಆ ಗೀಟು ಅಳಿಸೋ ಕೆಲಸ ನಿಮ್ಮ ಕೈಲೇ ಆಗಬೇಕು, ಮಾರೋನ ಪೇಂಟ್ ಗನ್ನಿನಿಂದ ಅಲ್ಲ. ಏಳು ಪೋಸ್ಟಿನಾಗ ಹೇಳೋದು ಇಷ್ಟೇ.

(2/7)
ಯಜ್ಡಿ ಪರದೇಶದ ಗಾಡಿ ಅಂತ ಭಾಳ ಮಂದಿ ತಿಳ್ಕೊಂಡಾರ. ಅಲ್ಲ. ಮೈಸೂರಿನ ಯಾದವಗಿರಿ ಕಾರ್ಖಾನೆಯದು. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯಿತು. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇಲ್ಲೇ ತಯಾರಿಸಿತು. 70ರ ದಶಕದಾಗ ಹೆಸರು ಯಜ್ಡಿ ಆಯಿತು, ಮುಂದ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 250 ಸಿಸಿ, ಟೂ ಸ್ಟ್ರೋಕ್, ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಗೇರ್ ಹಾಕೋದೂ ಕಿಕ್ ಹೊಡೆಯೋದೂ ಒಂದೇ ರಾಡು. ಹೊಸಬ ಹತ್ತಿದ್ರ ಮೊದಲ ದಿನ ಗ್ಯಾರಂಟಿ ತಬ್ಬಿಬ್ಬು.

ಆ ಕಂಪನಿಯ ಘೋಷಣೆ "ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ". 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಅದರ ಜಾಹೀರಾತು: "ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್". ಪೆಟ್ರೋಲ್ ತುಂಬಿಸು, ಮುಚ್ಚು, ಮರ್ತುಬಿಡು. ಹೊಲ, ಸಂತಿ, ಸೊಸೈಟಿ ಅಂತ ತಿರುಗೋ ನಮ್ಮ ಅಪ್ಪಂದಿರು ಮೈಲೇಜ್ ನೋಡಿದ್ರು. ಅದರಾಗ ತಪ್ಪಿಲ್ಲ, ಹಿಡಿ ರೊಕ್ಕದಾಗ ಸಂಸಾರ ಮಾಡೋರು ನೋಡಬೇಕಾದದ್ದೇ ಅದು. ಆದ್ರ "ಮರ್ತುಬಿಡು" ಅನ್ನೋ ಮಾತನ್ನ ನಾವು ಸ್ವಲ್ಪ ಜಾಸ್ತೀನೇ ಪಾಲಿಸಿದೀವಿ. ಪ್ಲಗ್ ಬಿಚ್ಚಿ ನೋಡೋಕೆ ಬರದ ಮೊದಲ ತಲೆಮಾರು ನಮ್ಮದು. ಚೈನ್ ಸಡಿಲಾದ್ರೂ ಗ್ಯಾರೇಜಿಗೆ ಫೋನ್ ಮಾಡ್ತೀವಿ.

(2022ರಾಗ ಬಂದ ಹೊಸ ಯಜ್ಡಿ ಬ್ಯಾರೆ ಗಾಡಿ, ಫೋರ್ ಸ್ಟ್ರೋಕ್. ಹೆಸರು ಅದೇ, ಒಳಗಿನ ಸಾಮಾನು ಅದಲ್ಲ. "ಸ್ಪೇರ್ ಹೊಸಾದು ಸಿಗ್ತಾವ" ಅಂತ ಯಾರಾದ್ರೂ ಅಂದ್ರ ನಗ್ರಿ, ನಂಬಬ್ಯಾಡ್ರಿ.)

(3/7)
ಈಗ ಜಗಳದ ಮಾತಿಗೆ ಬರೋಣ. "ಫುಲ್ ರಿಸ್ಟೋರ್ಡ್" ಗಾಡಿ ಯಾಕ ಬ್ಯಾಡ?

ಯಾಕಂದ್ರ ಹೊಸ ಪೇಂಟ್ ಎಲ್ಲಾ ಸಾಕ್ಷಿ ಅಳಿಸಿಬಿಡ್ತದ. ಹಳೇ ಗಾಡಿಯ ಮೈಮ್ಯಾಲಿನ ಕೊಳೆ ಸುಮ್ಮನೆ ಕೊಳೆ ಅಲ್ಲ. ಎಣ್ಣಿ ಎಲ್ಲಿ ಸೋರ್ತದ ಅಂತ ಕಲೆ ಹೇಳ್ತದ. ಚಾಸಿ ಎಲ್ಲಿ ಸೀಳಿತ್ತು ಅಂತ ವೆಲ್ಡಿಂಗ್ ಹೇಳ್ತದ. ಟ್ಯಾಂಕ್ ಎಲ್ಲಿ ತಿಂದೈತಿ ಅಂತ ತುಕ್ಕು ಹೇಳ್ತದ. ಇವೆಲ್ಲದರ ಮ್ಯಾಲ ಪುಟ್ಟಿ ಬಳಿದು, ಎರಡು ಕೋಟ್ ಬಣ್ಣ ಹೊಡೆದು, ಸ್ಟಿಕ್ಕರ್ ಹಚ್ಚಿದ್ರ ಮುಗೀತು. ಗಾಡಿಗೆ ಬಾಯಿ ಕಟ್ಟಿದಂಗ.

ಆರ್‌ಎಕ್ಸ್ 100 ಹುಚ್ಚಿನ ದೋಸ್ತರಿಗೆ ಒಂದು ಮಾತು. ಆ ಗಾಡಿ ತಯಾರಾದದ್ದು 1985ರಿಂದ 1996ರವರೆಗೆ. "2002 ಮಾಡೆಲ್ ಆರ್‌ಎಕ್ಸ್ 100" ಅಂತ ಯಾರಾದ್ರೂ ತೋರಿಸಿದ್ರ ಅದು ಆರ್‌ಎಕ್ಸ್ 135 ಇರಬಹುದು, ಇಲ್ಲಾ ಎರಡು ಗಾಡಿ ಕೂಡಿಸಿದ್ದಿರಬಹುದು, ಆರ್‌ಎಕ್ಸ್ 100 ಅಂತೂ ಅಲ್ಲ. 98 ಸಿಸಿ ಗಾಡಿಗೆ ಲಕ್ಷದ ಮ್ಯಾಲ ಕೇಳ್ತಾರ, ನೀವು ಕೊಡ್ತೀರಿ. ಕೊಡೋ ಮೊದಲು ಸೈಡ್ ಪ್ಯಾನೆಲ್ಲಿನ ಸ್ಟಿಕ್ಕರ್ ಬಿಟ್ಟು ಎಂಜಿನ್ ನಂಬರ್ ಓದ್ರಿ.

ಹೊಲಸಾಗಿ ನಿಂತ ಗಾಡಿ ಸುಳ್ಳು ಹೇಳೋದಿಲ್ಲ. ಅದರ ಐಬು ಎದುರಿಗೇ ಕಾಣ್ತದ. ಐಬು ಕಂಡ್ರ ರೇಟ್ ಮಾತಾಡಬಹುದು. ಮುಚ್ಚಿಟ್ಟ ಐಬಿಗೆ ನೀವೇ ಎರಡು ಸಲ ರೊಕ್ಕ ಕೊಡ್ತೀರಿ: ಮುಚ್ಚಿದ್ದಕ್ಕ ಒಮ್ಮೆ, ತೆಗೆಯೋಕ ಇನ್ನೊಮ್ಮೆ.

(4/7)
ಕಾಗದ. ಇದನ್ನ ಬಿಟ್ಟು ಹಾರಿ ಮುಂದಿನ ಪೋಸ್ಟಿಗೆ ಹೋಗಬ್ಯಾಡ್ರಿ. ಇದೇ ಎಲ್ಲಕ್ಕಿಂತ ಮುಖ್ಯ.

ಪೇಂಟ್ ಇಲ್ಲದ ಗಾಡಿ ಓಡ್ತದ, ಕಾಗದ ಇಲ್ಲದ ಗಾಡಿ ನಿಮ್ಮನ್ನ ಸ್ಟೇಷನ್ನಿಗೆ ಓಡಿಸ್ತದ. ಆರ್‌ಸಿಯಲ್ಲಿನ ಚಾಸಿ ನಂಬರು, ಎಂಜಿನ್ ನಂಬರು, ಗಾಡಿ ಮ್ಯಾಲಿನ ನಂಬರು ಅಕ್ಷರಕ್ಕ ಅಕ್ಷರ ಹೊಂದಬೇಕು. ನಂಬರ್ ಇರೋ ಜಾಗ ಉಜ್ಜಿ ಸಪಾಟಾಗಿದ್ರ, ಅಕ್ಷರ ಸೊಟ್ಟಪಟ್ಟ ಇದ್ರ ಗಾಡಿ ಮುಟ್ಟದೇ ಮನಿಗೆ ಬರ್ರಿ. ಕಳವಿನ ಮಾಲು ಕೊಂಡೋನಿಗೂ ಕೇಸು ಬೀಳ್ತದ. "ನನಗ ಗೊತ್ತಿರಲಿಲ್ಲ ಸಾಹೇಬ್ರ" ಅನ್ನೋದನ್ನ ಕೋರ್ಟಿನಾಗ ವರ್ಷಗಟ್ಟಲೆ ಹೇಳಬೇಕಾಗ್ತದ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕ ಮುಗೀತದ. ಆಮ್ಯಾಲ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ. ಅದೂ ಗಾಡಿ ತೋರಿಸಿ ಮಾಡಿಸಬೇಕು. ಹೆಸರು ಬದಲಿಸೋಕ ಫಾರಂ 29 ಮತ್ತು 30. ನಮ್ಮದು ಗಡಿ ಊರು. ಜತ್ತ, ಸಾಂಗ್ಲಿ ಕಡೆಯಿಂದ ಎಂಎಚ್ 10 ಗಾಡಿ ಸಸ್ತಾ ಸಿಗ್ತಾವ ಅಂತ ತರ್ತಾರ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಇಲ್ಲದೆ ಅದು ಕೆಎ 28 ಆಗೋದಿಲ್ಲ. ಮಾರೋನಿಗೇ ಎನ್‌ಒಸಿ ತರೋಕ ಹೇಳ್ರಿ, ಪೂರಾ ರೊಕ್ಕ ಆಮ್ಯಾಲ. ಮೊದಲ ಮಾಲಕ ತೀರಿಕೊಂಡಿದ್ರ ವಾರಸುದಾರರ ಕಾಗದ ಬೇಕು. "ನಮ್ಮ ಕಾಕಾನ ಗಾಡಿ, ತಗೊಂಡು ಹೋಗೋ ತಮ್ಮಾ" ಅನ್ನೋ ಬಾಯಿಮಾತು ಆರ್‌ಟಿಒದಾಗ ನಡೆಯೋದಿಲ್ಲ.

50 ವರ್ಷ ದಾಟಿದ ಮೂಲರೂಪದ ಗಾಡಿಗೆ 2021ರ ವಿಂಟೇಜ್ ನಿಯಮದಾಗ ಬ್ಯಾರೆ ನೋಂದಣಿ ಐತಿ, ನಂಬರಿನಾಗ "ವಿಎ" ಬರ್ತದ. ಆದ್ರ ಹಂಗ ಮಾಡಿಸಿದ ಗಾಡಿ ದಿನನಿತ್ಯದ ಓಡಾಟಕ್ಕ ಬಳಸೋಹಂಗಿಲ್ಲ. ಹತ್ತಿ ತಿರುಗೋ ಆಸೆ ಇದ್ದೋರು ಇದನ್ನ ಮೊದಲೇ ತಿಳ್ಕೋರಿ.

(5/7)
ಗಾಡಿ ನೋಡೋಕ ಹೋಗೋ ದಿನ ಮಾಲಕನಿಗೆ ಒಂದೇ ಮಾತು ಹೇಳ್ರಿ: "ನಾನು ಬರೋತನಕ ಚಾಲೂ ಮಾಡಬ್ಯಾಡ್ರಿ." ಎಂಜಿನ್ ತಣ್ಣಗಿದ್ದಾಗ ಹೊಡೆದ ಕಿಕ್ಕೇ ಖರೇ ಕಿಕ್ಕು. ಕಿಕ್ ರಾಡು ಕಾಲಿಗೆ ಎದುರು ಒತ್ತಬೇಕು. ಸುಮ್ಮನೆ ಜಾರಿದ್ರ ಕಂಪ್ರೆಷನ್ ಹೋಗೈತಿ, ಬೋರ್ ಮಾಡಿಸಿ ಪಿಸ್ಟನ್ ಬದಲಿಸೋ ಖರ್ಚು ಲೆಕ್ಕ ಹಾಕ್ರಿ.

ಟೂ ಸ್ಟ್ರೋಕ್ ಹೊಗಿ ಬಿಡೋದು ಸಹಜ. ಆದ್ರ ಗಾಡಿ ಬಿಸಿಯಾದ ಮ್ಯಾಲೂ ದಟ್ಟ ಬಿಳೇ ಹೊಗಿ ನಿಲ್ಲದಿದ್ರ, ಗೇರ್ ಆಯಿಲ್ ಕಡಿಮಿ ಆಗ್ತಾ ಇದ್ರ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಎಂಜಿನ್ನು ಗೇರ್ ಆಯಿಲ್ ಸುಡ್ತಾ ಐತಿ ಅಂತ ಅರ್ಥ. ಸೀಲು ಸಣ್ಣ ರೊಕ್ಕದ ಸಾಮಾನು, ಅದನ್ನ ಹಾಕೋಕ ಬಿಚ್ಚೋ ಕೆಲಸ ದೊಡ್ಡದು. ತಳದಾಗ ಗುಡುಗುಡು ಅಂತಿದ್ರ ಕ್ರ್ಯಾಂಕ್ ಬೇರಿಂಗು. ಗಾಡಿಗೆ ದಮ್ ಇಲ್ಲ ಅಂದ್ರ ತಕ್ಷಣ ಎಂಜಿನ್ ಬಿಚ್ಚಬ್ಯಾಡ್ರಿ, ಸೈಲೆನ್ಸರ್ ಬಿಚ್ಚಿ ನೋಡ್ರಿ. ವರ್ಷಗಟ್ಟಲೆ ಕಾರ್ಬನ್ ಕಟ್ಟಿ ಗಾಡಿಯ ಉಸಿರು ಹಿಡಿದಿರ್ತದ.

ತಂದ ಮ್ಯಾಲ ಕೆಲಸಕ್ಕ ಒಂದು ಸಾಲು ಐತಿ. ಮೊದಲು ಬ್ರೇಕು ಮತ್ತು ಟೈರು. ಆಮ್ಯಾಲ ವೈರಿಂಗು, ಪಾಯಿಂಟು, ಕಂಡೆನ್ಸರು. ಆಮ್ಯಾಲ ಟ್ಯಾಂಕ್ ತೊಳೆದು ಕಾರ್ಬೊರೇಟರ್. ಆಮ್ಯಾಲ ಎಂಜಿನ್. ಪೇಂಟು ಕಡೀಗೆ, ರೊಕ್ಕ ಉಳಿದ್ರ. ರೀಲ್ಸ್ ಮಂದಿ ಇದನ್ನ ಪೂರಾ ಉಲ್ಟಾ ಮಾಡ್ತಾರ. ಯಾಕಂದ್ರ ಬ್ರೇಕ್ ಶೂ ಫೋಟೋದಾಗ ಕಾಣೋದಿಲ್ಲ.

(6/7)
ನಿಮ್ಮ ಪ್ರಶ್ನೆ ಗೊತ್ತು, ಒಂದೊಂದಾಗಿ ತಗೋತೀನಿ.

"ಹಳೇ ಗಾಡಿ ಹೊಗಿ ಬಿಡ್ತಾವ, ಅದಕ್ಕೇನಂತಿ?" ಖರೇ. ಟೂ ಸ್ಟ್ರೋಕ್ ಹೊಗಿ ಒಳ್ಳೇದಲ್ಲ. ಅದಕ್ಕೇ ಇದು ದಿನಾ ವಿಜಯಪುರಕ್ಕ ಹೋಗಿಬರೋ ಗಾಡಿ ಅಲ್ಲ. ದಿನಾ ತಿರುಗೋರು ಮೈಲೇಜ್ ಗಾಡಿ ಇಲ್ಲಾ ಬಸ್ ಪಾಸ್ ತಗೋರಿ.

"ಇಷ್ಟು ತ್ರಾಸು ಯಾಕ, ಕಂತಿನಾಗ ಹೊಸಾದು ತಗೋಬಹುದಲ್ಲ?" ತಗೋರಿ, ಕಂತು ಕಟ್ಟೋದು ನೀವಾಗಿದ್ರ. ದ್ರಾಕ್ಷಿ ಬೆಳಿಗೆ ಮಾಡಿದ ಸಾಲ ತೀರೋ ಮೊದಲೇ ಅಪ್ಪನ ಹೆಸರಿನಾಗ ಇನ್ನೊಂದು ಸಾಲ ಏರಿಸಬ್ಯಾಡ್ರಿ. ಒಣದ್ರಾಕ್ಷಿ ರೇಟ್ ಬಿದ್ದ ವರ್ಷ ಕಂತು ಬೀಳೋದಿಲ್ಲ. ಇದು ಹಳೇ ಗಾಡಿಗೂ ಅನ್ವಯ. ಸಾಲ ಮಾಡಿ ಹಳೇ ಗಾಡಿ ತರೋನು ಹೊಸಾದು ತರೋನಿಗಿಂತ ದೊಡ್ಡ ಮಬ್ಬ.

"ಹ್ಯಾಂಗೂ ಹಳೇದು, ಕಡಿದು ಕೆಫೆ ರೇಸರ್ ಮಾಡಿದ್ರ?" ಈ ಮಾತು ಕೇಳಿದ್ರ ನನಗ ಸಿಟ್ಟು ಬರ್ತದ. ಮೈಸೂರಿನಾಗ ಆ ಚಾಸಿ ಇನ್ನೊಂದು ಹುಟ್ಟೋದಿಲ್ಲ. ಕಾನೂನೂ ಒಪ್ಪೋದಿಲ್ಲ: ಕಂಪನಿ ಮಾಡಿಕೊಟ್ಟ ಮೂಲರೂಪ ಮನಸಿಗೆ ಬಂದಂಗ ಬದಲಿಸೋಹಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ ಕಲಂ 52 ಹೇಳ್ತದ. ಕರ್ಕಶ ಸೈಲೆನ್ಸರುಗಳನ್ನ ಪೊಲೀಸ್ರು ರೋಡ್ ರೋಲರ್ ಕೆಳಗ ಹಾಕೋ ವಿಡಿಯೋ ನೋಡೀರಲ್ಲ? ಜಾತ್ರಿ ಟೈಮಿನಾಗ ಮುದುಕರ ಎದಿ ಝಲ್ ಅನಿಸೋದು ಗಂಡಸ್ತನ ಅಲ್ಲ. ಎರಡು ಸೈಲೆನ್ಸರಿನ ಯಜ್ಡಿಗೆ ತನ್ನದೇ ದನಿ ಐತಿ, ಅದಕ್ಕ ಬಾಡಿಗಿ ದನಿ ಬ್ಯಾಡ.

ಲೈಸೆನ್ಸ್ ಇಲ್ಲದ ತಮ್ಮಂದಿರು ಬಿಚ್ಚೋದು, ತೊಳೆಯೋದು, ಕೂಡಿಸೋದು ಕಲೀರಿ. ಹತ್ತೋದು ಲೈಸೆನ್ಸ್, ಹೆಲ್ಮೆಟ್, ಇನ್ಶೂರೆನ್ಸ್ ಮೂರೂ ಆದ ಮ್ಯಾಲ.

(7/7)
ಕಡೀ ಮಾತು, ನಾನು ಇಷ್ಟೆಲ್ಲಾ ಬರೆಯೋಕ ಕಾರಣನೂ ಇದೇ.

ಪಾಯಿಂಟಿನ ಗ್ಯಾಪು ಕಣ್ಣಳತಿಯಾಗ ಇಡೋ, ಎಂಜಿನ್ ಸಪ್ಪಳ ಕೇಳೇ ಬೇರಿಂಗ್ ಯಾವುದು ಅಂತ ಹೇಳೋ ಮಿಸ್ತ್ರಿಗಳು ತಿಕೋಟಾ, ಬಬಲೇಶ್ವರ, ವಿಜಯಪುರದಾಗ ಇನ್ನೂ ಇದ್ದಾರ. ತಲಿ ಬೆಳ್ಳಗಾಗೈತಿ. ಕೈಯಾಗ ಸರ್ಟಿಫಿಕೇಟ್ ಇಲ್ಲ, ಹಿಂದ ಶಿಷ್ಯರಿಲ್ಲ. ಐಟಿಐ ಪುಸ್ತಕದಾಗ ಸಿಗದ ವಿದ್ಯೆ ಅದು. ಅವರ ಅಂಗಡಿ ಷಟರ್ ಒಮ್ಮೆ ಕೆಳಗ ಬಿತ್ತಂದ್ರ ಆ ವಿದ್ಯೆ ಮತ್ತೆ ಯೂಟ್ಯೂಬಿನಾಗ ಸಿಗೋದಿಲ್ಲ. ರಿಸ್ಟೋರ್ಡ್ ಗಾಡಿ ಕೊಂಡೋನಿಗೆ ಕೀಲಿ ಅಷ್ಟೇ ಸಿಗ್ತದ. ಕೆಟ್ಟ ಗಾಡಿ ಕೊಂಡು ಮಿಸ್ತ್ರಿ ಕಾಕಾನ ಮಗ್ಗಲಕ ಆರು ತಿಂಗಳು ಕುಂತೋನಿಗೆ ಒಂದು ಕಸುಬು ಸಿಗ್ತದ. ಅದೇ ಕೈ ನಾಳೆ ಹೊಲದಾಗಿನ ಪಂಪ್‌ಸೆಟ್ಟು, ಔಷಧ ಹೊಡೆಯೋ ಪಂಪು ರಿಪೇರಿ ಮಾಡ್ತದ.

ಕಾಕಾನ ಕೂಲಿ ಮಾತ್ರ ಚೌಕಾಸಿ ಮಾಡಬ್ಯಾಡ್ರಿ. ಸ್ಟಿಕ್ಕರಿಗೆ ಸಾವಿರ ಕೊಡೋರು ಕಲಿಸೋರಿಗೆ ಇನ್ನೂರು ಕೊಡೋಕ ಮಾರಿ ಸಣ್ಣ ಮಾಡ್ತೀರಿ.

ಈ ವಾರ ಒಂದು ಕೆಲಸ ಮಾಡ್ರಿ. ನಿಮ್ಮ ಮನಿ, ಅಜ್ಜನ ಮನಿ, ಸೋದರಮಾವನ ಹೊಲದ ಶೆಡ್ಡು ಎಲ್ಲಾ ಒಂದು ಸುತ್ತು ಹಾಕ್ರಿ. ಗೋಣಿಚೀಲದ ಕೆಳಗ ಹಳೇ ಗಾಡಿ ಇದ್ರ ಮೊದಲು ಆರ್‌ಸಿ ಎಲ್ಲೈತಿ ಅಂತ ಟ್ರಂಕಿನಾಗ ಹುಡುಕ್ರಿ. ಸಿಕ್ಕರ ಅದನ್ನ ತೂಕದ ಲೆಕ್ಕದಾಗ ಭಂಗಾರಕ್ಕ ಹಾಕೋಕ ಬಿಡಬ್ಯಾಡ್ರಿ. ಪ್ಲಗ್ ಬಿಚ್ಚೋದರಿಂದ ಶುರು ಮಾಡ್ರಿ.

#ಹೊನವಾಡ #ಯಜ್ಡಿ #ಆರ್‌ಎಕ್ಸ್100 #ಕೆಎ28 #ಭಂಗಾರ_ಅಲ್ಲ_ಬಂಗಾರ