ಫೌಂಡೇಶನ್ ವರ್ಷ ಅಂದ್ರೆ ಹಿಂದೆ ಬಿದ್ದಂಗಲ್ಲ!

ಪಿಯುಸಿ ಮುಗಿಸಿದ ಮಗಳನ್ನೋ ಮಗನನ್ನೋ ಫಾರಿನ್ನಿಗೆ ಕಳಿಸುವ ಯೋಚನೆ ನಿಮ್ಮ ಮನೆಯಲ್ಲೂ ಇದೆಯೇ? ಹಾಗಿದ್ದರೆ ಈ ಉತ್ತರ ನಿಮಗೂ ಬರಬಹುದು: ‘ನೇರ ಡಿಗ್ರಿಗೆ ಸೀಟಿಲ್ಲ, ಮೊದಲು ಒಂದು ವರ್ಷ ಫೌಂಡೇಶನ್ ಕೋರ್ಸ್ ಮಾಡಬೇಕು.’ ಅಷ್ಟಕ್ಕೇ ಗೋಕಾಕ ಇರಲಿ, ಮೂಡಲಗಿ, ಹುಕ್ಕೇರಿ ಇರಲಿ, ತಾಯಂದಿರ ಬಾಯಲ್ಲಿ ಒಂದೇ ಮಾತು: ‘ಅಯ್ಯ, ಒಂದ್ ವರ್ಷ ಹಾಳಾತಲ್ರೀ! ಮಂದಿಗೆ ಏನಂತ ಹೇಳೂದು?’

ಗೆಳತಿಯರೇ, ಮೊದಲು ಆ ‘ಮಂದಿ’ಯನ್ನು ಪಕ್ಕಕ್ಕಿಡಿ. ನಮ್ಮಲ್ಲಿ ಪಿಯುಸಿ ಅಂದರೆ 12 ವರ್ಷದ ಓದು. ಇಂಗ್ಲೆಂಡಿನ ಮಕ್ಕಳು 13 ವರ್ಷ ಓದಿ, ಎ-ಲೆವೆಲ್ ಮುಗಿಸಿ ಡಿಗ್ರಿಗೆ ಹೋಗುತ್ತಾರೆ. ಒಳ್ಳೆಯ ಅಂಕವಿದ್ದರೆ ನಮ್ಮ ಮಕ್ಕಳನ್ನು ನೇರವಾಗಿ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳೂ ಇವೆ. ಉಳಿದವರಿಗೆ ಆ ಅಂತರ ತುಂಬಲು ಫೌಂಡೇಶನ್. ನಮ್ಮ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ‘ಸೇತುಬಂಧ’ ಮಾಡುತ್ತಾರಲ್ಲ, ಹಾಗೇ ಇದು. ಸೇತುಬಂಧಕ್ಕೆ ಕೂತ ಮಗುವನ್ನು ಯಾರಾದರೂ ಫೇಲಾದ ಅಂತಾರೇನು?

ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಪಾಠ ಕೇಳುತ್ತಲೇ ತಾವೇ ನೋಟ್ಸ್ ಮಾಡಿಕೊಳ್ಳಬೇಕು. ನಾಲ್ಕು ಪುಸ್ತಕ ಓದಿ ತನ್ನ ಮಾತಿನಲ್ಲಿ ಬರೆಯಬೇಕು, ಯಾವುದನ್ನು ಎಲ್ಲಿಂದ ತೆಗೆದುಕೊಂಡೆ ಅಂತ ತಿಳಿಸಬೇಕು. ಗೈಡಿನಲ್ಲಿದ್ದದ್ದನ್ನು ಇದ್ದಂಗೇ ಇಳಿಸಿದರೆ ಅಲ್ಲಿ ಅದು ಕಳವು! ಇದನ್ನೆಲ್ಲ ಕಲಿಸಲೆಂದೇ ಆ ಒಂದು ವರ್ಷ.

ಸಹಾಯಕ್ಕೆ ಟ್ಯೂಟರ್ ಇರುತ್ತಾರೆ, ಇಂಗ್ಲಿಷ್ ತರಗತಿ ಇರುತ್ತದೆ, ಮನಸ್ಸಿಗೆ ಬೇಜಾರಾದರೆ ಆಪ್ತಸಮಾಲೋಚಕರೂ ಸಿಗುತ್ತಾರೆ. ಆದರೆ ಬಾಯಿಬಿಟ್ಟು ಕೇಳಬೇಕು. ನಮ್ಮ ಮಕ್ಕಳು ‘ಸರ್ ಏನ್ ಅಂದ್ಕೋತಾರೋ’ ಅಂತ ಸುಮ್ಮನಾಗುತ್ತಾರೆ. ಮನೆಯಲ್ಲೂ ಹೇಳುವುದಿಲ್ಲ. ಅಪ್ಪ ಹೊಲ ಅಡವಿಟ್ಟು ಕಳಿಸಿದ್ದಾನಲ್ಲ, ಹೇಗೆ ಹೇಳಿಯಾರು? ಇಲ್ಲೇ ಇರುವುದು ಅಪಾಯ. ಬರೀ ಪಾಸಾದರೆ ಸಾಲದು, ಪ್ರತಿ ಡಿಗ್ರಿಗೂ ಇಂತಿಷ್ಟೇ ಅಂಕ ಬೇಕು ಎಂಬ ನಿಯಮವಿರುತ್ತದೆ. ಎರಡು ತಿಂಗಳು ಮುಚ್ಚಿಟ್ಟರೆ ಬಯಸಿದ ಸೀಟೇ ಕೈತಪ್ಪಬಹುದು.

ಫೀ ಕಟ್ಟುವ ಮುಂಚೆ ನೀವೂ ಮುಂದೆ ಬಂದು ಕೇಳಿ, ‘ಅದೆಲ್ಲ ಅವರಪ್ಪಗ ಗೊತ್ತು’ ಅನ್ನಬೇಡಿ.

* ಡಿಗ್ರಿಗೆ ಸೇರಲು ಎಷ್ಟು ಅಂಕ ಬೇಕು? ಬರದಿದ್ದರೆ ಮುಂದೇನು? ಏಜೆಂಟರ ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ.

* ಮಗುವಿಗೆ 18 ತುಂಬಿಲ್ಲವೇ? ಬ್ರಿಟನ್ ವೀಸಾಕ್ಕೆ ತಂದೆ-ತಾಯಿಯ ಒಪ್ಪಿಗೆ ಪತ್ರ ಬೇಕು. ಎಲ್ಲಿ, ಯಾರ ನಿಗಾದಲ್ಲಿ ಇರುತ್ತಾರೆ ಅಂತ ಕೇಳಿ.

* ‘ಅಲ್ಲೇ ದುಡಿದು ಫೀ ಕಟ್ತಾನ’ ಎಂಬ ಮಾತು ನಂಬಬೇಡಿ. ಬ್ರಿಟನ್ನಿನಲ್ಲಿ ಡಿಗ್ರಿಗಿಂತ ಕೆಳಗಿನ ಕೋರ್ಸಿನವರು ಪಾಠದ ದಿನಗಳಲ್ಲಿ ವಾರಕ್ಕೆ 10 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

* ಜರ್ಮನಿಯಲ್ಲಿ ಇಂಥ ಕೋರ್ಸಿಗೆ ‘ಸ್ಟುಡಿಯೆನ್‌ಕೋಲೆಗ್’ ಎನ್ನುತ್ತಾರೆ. ಸಾಮಾನ್ಯವಾಗಿ 2 ಸೆಮಿಸ್ಟರ್. ಸರ್ಕಾರಿ ಕಡೆ ಬೋಧನಾ ಶುಲ್ಕ ಇರುವುದು ಕಡಿಮೆ, ಆದರೆ ಪಾಠ ಜರ್ಮನ್ ಭಾಷೆಯಲ್ಲಿ. ಇಲ್ಲೇ ಡಿಗ್ರಿಯ ಮೊದಲ ವರ್ಷ ಪಾಸು ಮಾಡಿಕೊಂಡವರಿಗೆ ಅದೇ ವಿಷಯದಲ್ಲಿ ನೇರ ಪ್ರವೇಶದ ಅವಕಾಶವೂ ಇದೆ. ಒಂದು ವರ್ಷ ಮನೆಯಿಂದಲೇ ಓದಿ ಹೋದರೆ ಖರ್ಚೂ ಉಳಿದೀತು, ಮಗುವೂ ಗಟ್ಟಿಯಾದೀತು.

ಇನ್ನು ಫೋನಿನ ವಿಷಯ. ಇಲ್ಲಿ ರಾತ್ರಿ 9 ಅಂದರೆ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಮಧ್ಯಾಹ್ನ 3.30, ಕ್ಲಾಸಿನ ಹೊತ್ತು. ಅವರ ಟೈಮ್‌ಟೇಬಲ್ ನೋಡಿಕೊಂಡೇ ಮಾಡಿ. ‘ಊಟ ಆತೇನವಾ?’ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಈ ವಾರ ತಿಳೀಲಾರದ್ದು ಏನಿತ್ತು? ಯಾರನ್ನ ಕೇಳಿದಿ?’ ತಿಳಿಯಲಿಲ್ಲ ಅಂತ ಹೇಳಿದರೆ ಅವ್ವ ಬೈಯುವುದಿಲ್ಲ ಎಂಬ ಧೈರ್ಯ ಮಗುವಿಗೆ ಇರಲಿ. ಕರದಂಟಿನ ಡಬ್ಬಿಯ ಜೊತೆ ಆ ಧೈರ್ಯವನ್ನೂ ಕಟ್ಟಿ ಕಳಿಸಿ!