ಸೂಜಿಗಲ್ಲೂ ಕೋಲಾರದ ನೀರೂ

ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿನ ಕಡೆಗೆ ರೈಲಿನಲ್ಲಿ ಹೊರಟವರಿಗೆ, ಗಣಿಗಳ ಊರು ಸಮೀಪಿಸುತ್ತಿದ್ದಂತೆ, ಹುಲ್ಲುಕಡ್ಡಿಯೂ ವಿರಳವಾದ ಬೂದುಬಣ್ಣದ ದಿಬ್ಬಗಳು ಗೋಚರವಾಗುತ್ತವೆ. ಸ್ಥಳೀಯರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಸಿನಿಮಾದವರಿಗೆ ಅವು ಖರ್ಚಿಲ್ಲದೆ ದೊರೆತ ಮರುಭೂಮಿ! ವಾಸ್ತವವಾಗಿ ಅದು ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು. ಮೂರು ಕೋಟಿ ಟನ್ನಿಗೂ ಮಿಗಿಲು.

ಹಳ್ಳದ ಮರಳನ್ನು ತೊಳೆದು ಚಿನ್ನದ ಕಣವನ್ನು ಆಯುತ್ತಿದ್ದವರನ್ನು ನಮ್ಮಲ್ಲಿ ಜಲಗಾರರೆಂದು ಕರೆಯುತ್ತಿದ್ದರು. ೧೮೦೨ರಲ್ಲಿ ವಾರನ್ ಎಂಬ ಸೇನಾಧಿಕಾರಿ ಈ ಸೀಮೆಗೆ ಬಂದಾಗ ಹಳ್ಳಿಗರು ಅವನ ಮುಂದೆ ಮಣ್ಣು ತೊಳೆದು ಚಿನ್ನ ತೋರಿಸಿದರಂತೆ. ಜಾನ್ ಟೇಲರ್ ಕಂಪೆನಿಯವರು ಬಂದ ಮೇಲೆ ಈ ಸೌಮ್ಯವಿಧಾನ ಹಿಂದೆ ಬಿತ್ತು. ಕಲ್ಲನ್ನು ಹಿಟ್ಟಾಗುವಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ನೆನೆಸಿ, ಅದರಲ್ಲಿ ಕರಗಿದ ಚಿನ್ನವನ್ನು ಬೇರ್ಪಡಿಸುವುದು ಹೊಸ ಕ್ರಮ. ನುಣುಪಾಗಿ ಅರೆದಷ್ಟೂ ಚಿನ್ನ ಹೆಚ್ಚು ದೊರೆಯುತ್ತದೆ. ಅರೆದಷ್ಟೂ ಉಳಿದ ಹಿಟ್ಟು ಗಾಳಿಗೆ ಸುಲಭವಾಗಿ ಹಾರುತ್ತದೆ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಹಿಟ್ಟು ಅಲ್ಲಿಯೇ ಉಳಿಯಿತು.

ಈಗ ನೀರಿನ ವಿಷಯಕ್ಕೆ ಬರೋಣ. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿ ಮೀರಿದೆ. ಈ ಅಪರಾಧವನ್ನು ಗಣಿಯ ತಲೆಗೆ ಕಟ್ಟುವಂತಿಲ್ಲ; ಆಳದ ಬಂಡೆಯಿಂದಲೇ ಅದು ನೀರಿಗೆ ಇಳಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಗತಿಯಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ. ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಕಾಯಿಸಿ ಆರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಕಡಿಮೆಯಾಗುವುದೇ ಹೊರತು ಫ್ಲೋರೈಡು ಕಡಿಮೆಯಾಗದು.

ಇಂಥ ವಿಷವನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಪುಡಿಗಳುಂಟು. ಅಲ್ಯೂಮಿನಾ ಬಹುಕಾಲದಿಂದ ಬಳಕೆಯಲ್ಲಿದೆ. ಇಲ್ಲಿಯೂ ಗಣಿಯ ನ್ಯಾಯವೇ: ಪುಡಿ ಸೂಕ್ಷ್ಮವಾದಷ್ಟೂ ಮೈ ಹೆಚ್ಚು, ಹಿಡಿತ ಹೆಚ್ಚು. ಆದರೆ ನೀರಿನಲ್ಲಿ ಬೆರೆತ ಆ ಸೂಕ್ಷ್ಮ ಪುಡಿಯನ್ನು ಮರಳಿ ತೆಗೆಯುವುದು ಹೇಗೆ? ಬಟ್ಟೆಯಲ್ಲಿ ಸೋಸಿದರೆ ನುಸುಳಿಹೋಗುತ್ತದೆ. ತಳಕ್ಕಿಳಿಯಲೆಂದು ಕಾದರೆ ದಿನಗಳು ಕಳೆಯುತ್ತವೆ. ವಿಷವನ್ನು ಹಿಡಿದ ಪುಡಿಯನ್ನೇ ಕುಡಿಯುವುದಕ್ಕಿಂತ ಮೊದಲಿನ ನೀರೇ ವಾಸಿ!

ಸೂಜಿಗಲ್ಲು ನೆರವಿಗೆ ಬರುವುದು ಇಲ್ಲಿ. ಸಂಸ್ಕೃತದವರು ಅದನ್ನು ಅಯಸ್ಕಾಂತ, ಎಂದರೆ ಕಬ್ಬಿಣದ ನಲ್ಲ, ಎಂದು ಕರೆದರು. ನಮ್ಮವರು ಸೂಜಿಯನ್ನು ಸೆಳೆಯುವ ಕಲ್ಲೆಂದರು. ನನಗೆ ಕನ್ನಡದ ಹೆಸರೇ ಹೆಚ್ಚು ಪ್ರಿಯ. ರಸಾಯನಶಾಸ್ತ್ರಜ್ಞರು ಅದನ್ನು ಮ್ಯಾಗ್ನೆಟೈಟ್ ಎನ್ನುತ್ತಾರೆ. ನಮ್ಮ ಕುದುರೆಮುಖದ ಅದಿರೂ ಇದೇ ಜಾತಿಯದು. ಇದರ ಅತಿಸೂಕ್ಷ್ಮ ಕಣಕ್ಕೆ ಅಲ್ಯೂಮಿನಾದ ಅಥವಾ ಸೀಗಡಿಯ ಚಿಪ್ಪಿನಿಂದ ತೆಗೆದ ಕೈಟೋಸಾನಿನ ಹೊದಿಕೆ ಕೊಡುತ್ತಾರೆ. ಹೊದಿಕೆ ವಿಷವನ್ನು ಹಿಡಿಯುತ್ತದೆ. ಒಳಗಿನ ಕಣ ಅಯಸ್ಕಾಂತದ ಕರೆಗೆ ಓಗೊಡುತ್ತದೆ. ಪಾತ್ರೆಯ ಹೊರಮೈಗೆ ಅಯಸ್ಕಾಂತವನ್ನು ಹಿಡಿದರೆ ಪುಡಿಯೆಲ್ಲ ಆ ಪಕ್ಕಕ್ಕೆ ಸರಿದು ನಿಲ್ಲುತ್ತದೆ; ತಿಳಿನೀರನ್ನು ಬಗ್ಗಿಸಿಕೊಂಡರಾಯಿತು. ಅಕ್ಕಸಾಲಿಗರು ಚಿನ್ನದ ಅರಪುಡಿಯಿಂದ ಕಬ್ಬಿಣದ ಚೂರನ್ನು ಬೇರ್ಪಡಿಸುವುದೂ ಹೀಗೆಯೇ.

ಕಣ ತೀರ ಚಿಕ್ಕದಾದರೆ ಭಾರಿ ಅಯಸ್ಕಾಂತವೇ ಬೇಕೆಂದು ಹಿಂದೆ ಭಾವಿಸಿದ್ದರು. ೨೦೦೬ರಲ್ಲಿ ಅಮೆರಿಕೆಯ ರೈಸ್ ವಿಶ್ವವಿದ್ಯಾನಿಲಯದವರು ಹನ್ನೆರಡು ನ್ಯಾನೋಮೀಟರಿನ ಕಣಗಳನ್ನು ಸಾಮಾನ್ಯ ಅಯಸ್ಕಾಂತದಿಂದಲೇ ಎಳೆದು ತೋರಿಸಿದರು; ನೀರಿನಲ್ಲಿದ್ದ ಆರ್ಸೆನಿಕ್ಕೂ ಅವುಗಳ ಜೊತೆಗೆ ಬಂದಿತು. ಒಂದು ತಲೆಗೂದಲಿನ ಅಗಲಕ್ಕೆ ಇಂಥ ಕಣಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಇಡಬಹುದು.

ಇಷ್ಟು ಕೇಳಿ ಉತ್ಸಾಹಗೊಳ್ಳುವುದು ಸಹಜ. ಆದರೆ ಇದು ಬಿಂದಿಗೆಯ ಉಪಾಯ, ಕೆರೆಯದಲ್ಲ. ೨೦೧೮ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ ೪೪ ಕೋಟಿ ಲೀಟರಿನ ಯೋಜನೆಯದು. ಅಂಥ ಪ್ರವಾಹಕ್ಕೆ ಈ ಪುಡಿಯನ್ನು ಬೆರೆಸುವ ಮಾತು ಕನಸೇ ಸರಿ.

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚಾಗಿ ಕಾಡುತ್ತದೆ. ಹಿಡಿದ ವಿಷವನ್ನು ಎಲ್ಲಿ ಇಡುವುದು? ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ತುಂಬಿಸಿಕೊಳ್ಳುವ ಘಟಕಗಳಿವೆಯಷ್ಟೆ, ಅಲ್ಲಿನ ಆರ್.ಓ. ಯಂತ್ರವು ಫ್ಲೋರೈಡನ್ನು ನಾಶಮಾಡುವುದಿಲ್ಲ. ಒಂದು ಪಾಲು ನೀರನ್ನು ಶುದ್ಧಗೊಳಿಸಿ, ಮತ್ತೊಂದು ಪಾಲಿಗೆ ಅದರ ವಿಷವನ್ನೂ ಸೇರಿಸಿ ಹೊರಗೆ ಬಿಡುತ್ತದೆ. ಆ ನೀರು ಚರಂಡಿಯಲ್ಲಿ ಇಂಗಿ ಮತ್ತೆ ನೆಲವನ್ನೇ ಸೇರಬಹುದು. ಅಯಸ್ಕಾಂತದ ಪುಡಿಯನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಮರುಬಳಕೆಗೆ ಬರುತ್ತದೆ. ಬಿಟ್ಟುಬಂದ ವಿಷವು ಅಲ್ಪನೀರಿನಲ್ಲಿ ಸಾಂದ್ರವಾಗಿ ಕೈಗೆ ಸಿಗುತ್ತದೆ. ಇದು ದೊಡ್ಡ ಅನುಕೂಲ, ಆ ನೀರನ್ನು ಜೋಪಾನವಾಗಿ ಇಡುವವರಿದ್ದರೆ! ಚಾಂಪಿಯನ್ ರೀಫಿನ ಕಾರ್ಮಿಕ ವಸತಿಯ ತಾಯಂದಿರು ಗಾಳಿಯ ತಿಂಗಳುಗಳಲ್ಲಿ ಕಿಟಕಿ ಮುಚ್ಚಿ ಅಡಿಗೆ ಮಾಡುವುದು ಏಕೆಂದರೆ, ಉಳಿದದ್ದನ್ನು ಎಲ್ಲಿಡಬೇಕೆಂದು ಗಣಿಯವರು ಮೊದಲೇ ಯೋಚಿಸಲಿಲ್ಲ.

ಆದ್ದರಿಂದ ಇಂಥ ಸಂಶೋಧನೆಯ ವರದಿ ಕೈಗೆ ಬಂದಾಗ ನಾನು ಎರಡು ಸಾಲುಗಳನ್ನು ಹುಡುಕುತ್ತೇನೆ: ಪುಡಿಯನ್ನು ಎಷ್ಟು ಬಾರಿ ತೊಳೆದು ಬಳಸಿದರು, ತೊಳೆದ ನೀರನ್ನು ಏನು ಮಾಡಿದರು. ಮೊದಲನೆಯದು ಸಾಮಾನ್ಯವಾಗಿ ಸಿಗುತ್ತದೆ. ಎರಡನೆಯದು ಅಪರೂಪ.